ಪಿಎಚ್‌ಡಿ ಮುಗೀತಾ ಬಂತು, ಕಾಲೇಜಲ್ಲಿ ಪರ್ಮನೆಂಟ್ ಆಗ್ಬೇಕು ಅಂದ್ರೆ ಈಗ ಏನ್ ಮಾಡ್ಬೇಕು?

"ಥೀಸಿಸ್ ಸಬ್ಮಿಟ್ ಮಾಡೋಕೆ ಇನ್ನಾರು ತಿಂಗ್ಳಿದೆ, ಅದು ಮುಗಿದ್ಮೇಲೆ ಪೋಸ್ಟ್‌ಡಾಕ್‌ಗೆ ಹೋಗ್ಲಾ ಇಲ್ಲಾ ಸಿಕ್ಕಿದ್ ಕಾಲೇಜಿಗೆ ಸೇರ್ಕೊಂಡ್ಬಿಡ್ಲಾ" ಅಂತ ಕೇಳಿದೀರ. (ಪೋಸ್ಟ್‌ಡಾಕ್ ಅಂದ್ರೆ ಪಿಎಚ್‌ಡಿ ಆದ್ಮೇಲೆ ಮಾಡೋ ತಾತ್ಕಾಲಿಕ ಸಂಶೋಧನಾ ಕೆಲ್ಸ.) ಆ "ಮುಗಿದ್ಮೇಲೆ" ಅನ್ನೋದನ್ನ ಮೊದ್ಲು ತೆಗ್ದುಹಾಕಿ. ನನಗೆ ಮೂರ್ನಾಲ್ಕು ವರ್ಷ ಹಾಳಾಗಿದ್ದು ಅದ್ರಿಂದಾನೇ.

ನಂದು ಫಿಸಿಕ್ಸ್, ಥಿನ್ ಫಿಲ್ಮ್ಸ್ ಮೇಲೆ. ಒಂದು ರಾಜ್ಯ ಯೂನಿವರ್ಸಿಟಿಯಲ್ಲಿ 2013ರಲ್ಲಿ ರಿಜಿಸ್ಟರ್ ಆಗಿ 2018ರಲ್ಲಿ ಸಬ್ಮಿಟ್ ಮಾಡ್ದೆ. ಆ ಐದು ವರ್ಷದಲ್ಲಿ ಒಂದ್ಸಲಾನೂ ಕೆ-ಸೆಟ್ (ಕಾಲೇಜಲ್ಲಿ ಪಾಠ ಮಾಡೋಕೆ ಅರ್ಹತೆ ಕೊಡೋ ರಾಜ್ಯದ ಪರೀಕ್ಷೆ, ನೆಟ್ ಅಂದ್ರೆ ಅದೇ ರಾಷ್ಟ್ರಮಟ್ಟದ್ದು) ಬರೀಲಿಲ್ಲ, ಯಾಕಂದ್ರೆ ಲ್ಯಾಬಲ್ಲಿ ಎಲ್ರೂ ಹೇಳ್ತಿದ್ದಿದ್ದು ಒಂದೇ, ಪಿಎಚ್‌ಡಿ ಆದ್ರೆ ನೆಟ್ ಸೆಟ್ಟಿಂದ ವಿನಾಯ್ತಿ ಇದೆ ಸುಮ್ನೆ ಯಾಕೆ ತಲೆಕೆಡಿಸ್ಕೊಳ್ತೀಯ ಅಂತ. ವಿನಾಯ್ತಿ ಇರೋದು ನಿಜಾನೇ. ಆದ್ರೆ ಸಬ್ಮಿಟ್ ಮಾಡಿದ ದಿನ ನೀವು ಡಾಕ್ಟರ್ ಆಗಲ್ಲ ನೋಡಿ. ಥೀಸಿಸ್ ಎಕ್ಸಾಮಿನರ್ ಹತ್ರ ಹೋಗ್ಬೇಕು, ರಿಪೋರ್ಟ್ ಬರ್ಬೇಕು, ವೈವಾ ಆಗ್ಬೇಕು, ನೋಟಿಫಿಕೇಷನ್ ಹೊರಡ್ಬೇಕು. ನನಗೆ ಇದಕ್ಕೇ ಹನ್ನೊಂದು ತಿಂಗ್ಳು ಹಿಡೀತು. ಫೆಲೋಶಿಪ್ ನಿಂತಿತ್ತು, ಡಿಗ್ರಿ ಕೈಲಿಲ್ಲ, ಅರ್ಜಿ ಫಾರಂನಲ್ಲಿ "ಸಬ್ಮಿಟೆಡ್" ಅಂತ ಬರೆದ್ರೆ ಅದಕ್ಕೆ ಸೊನ್ನೆ ಬೆಲೆ, ಕೊನೇ ದಿನಾಂಕದೊಳಗೆ ಅರ್ಹತೆ ಇರ್ಬೇಕು ಅಷ್ಟೇ. ಅದೇ ಟೈಮಲ್ಲಿ ನನ್ ಸಬ್ಜೆಕ್ಟಿಗೆ ಒಂದು ಯೂನಿವರ್ಸಿಟಿಯಲ್ಲಿ ಪೋಸ್ಟ್ ಕರೆದ್ರು, ಕಣ್ಣೆದುರಿಗೇ ಹೋಯ್ತು.

ಆ ಗ್ಯಾಪಲ್ಲಿ ತಾಲ್ಲೂಕು ಕೇಂದ್ರದ ಒಂದು ಫಸ್ಟ್ ಗ್ರೇಡ್ ಕಾಲೇಜಲ್ಲಿ ಅತಿಥಿ ಉಪನ್ಯಾಸಕಿ ಆದೆ. ಆಗ ನೆಟ್, ಸೆಟ್, ಪಿಎಚ್‌ಡಿ ಇದ್ದೋರಿಗೆ ತಿಂಗ್ಳಿಗೆ 13,000, ಇಲ್ದೋರಿಗೆ 11,000. ನಾನು ಎರಡನೇ ಲಿಸ್ಟಲ್ಲಿ! ಅದೂ ತಿಂಗ್ಳು ತಿಂಗ್ಳು ಬರ್ತಿರ್ಲಿಲ್ಲ, ಮೂರು ನಾಕು ತಿಂಗ್ಳಿಗೊಂದ್ಸಲ ಒಟ್ಟಿಗೆ. (2022ರಲ್ಲಿ ಇದನ್ನ ಅರ್ಹತೆ, ಸರ್ವೀಸ್ ನೋಡಿ 26,000ದಿಂದ 32,000ದವರೆಗೆ ಏರಿಸಿದ್ರು, ಅಷ್ಟೊತ್ತಿಗೆ ನಾನಲ್ಲಿರ್ಲಿಲ್ಲ.) ಅಮ್ಮ ಊರಲ್ಲಿ ಯಾರಾದ್ರೂ ಮಗಳ ಸಂಬಳ ಕೇಳಿದ್ರೆ ಮಾತು ಮರೆಸಿ ಕಾಫಿ ಮಾಡೋಕೆ ಒಳಗೆ ಹೋಗ್ತಿದ್ರು.

ಆದ್ರೆ ನಿಜ ಹೇಳ್ಬೇಕಂದ್ರೆ ನಾನು ಟೀಚರ್ ಆಗಿದ್ದು ಅಲ್ಲೇ. ಮೊದಲ್ನೇ ವಾರ ಬಿಎಸ್ಸಿ ಪ್ರಾಕ್ಟಿಕಲ್ಸ್, ಸ್ಪೆಕ್ಟ್ರೋಮೀಟರ್. ಹುಡುಗ್ರು "ಮೇಡಂ ಸ್ಲಿಟ್ ಕಾಣ್ತಿಲ್ಲ" ಅಂತ ಕರೀತಿದಾರೆ, ನಾನು ಸೋಡಿಯಂ ಲ್ಯಾಂಪ್ ಆನ್ ಮಾಡಿದ್ ಕ್ಷಣದಿಂದ ಟೆಲಿಸ್ಕೋಪಲ್ಲಿ ಕಣ್ಣಿಟ್ಟು ಒದ್ದಾಡ್ತಿದೀನಿ. ಐದ್ ವರ್ಷ ಎಕ್ಸ್‌ಆರ್‌ಡಿ (ಎಕ್ಸ್-ರೇ ಡಿಫ್ರಾಕ್ಷನ್) ಗ್ರಾಫ್ ನೋಡಿ ನೋಡಿ ಈ ಸಾಮಾನನ್ನ ಮುಟ್ಟೇ ಇರ್ಲಿಲ್ಲ. ಕೊನೆಗೆ ಲ್ಯಾಬ್ ಅಟೆಂಡರ್ ಹತ್ರ ಬಂದು ಮೆಲ್ಲಗೆ "ಮೇಡಂ, ಲ್ಯಾಂಪ್ ಕಾಯ್ಲಿ ತಡೀರಿ" ಅಂದ್ರು, ಆಮೇಲೆ ಪ್ರಿಸಂನ ಮಿನಿಮಮ್ ಡೀವಿಯೇಷನ್‌ಗೆ ತಂದು, ಟೆಲಿಸ್ಕೋಪ್ ಸ್ವಲ್ಪ ಆಚೆ ಸರಿಸಿ, ಪ್ರಿಸಂ ಒಂದ್ಕಡೆ ತಿರುಗಿಸಿ ಟೆಲಿಸ್ಕೋಪ್ ಫೋಕಸ್, ಇನ್ನೊಂದ್ಕಡೆ ತಿರುಗಿಸಿ ಕಾಲಿಮೇಟರ್ ಫೋಕಸ್, ಹಿಂಗೆ ಮೂರ್ನಾಲ್ಕು ಸಲ ಮಾಡಿ ತೋರಿಸಿದ್ರು. ಅದು ಷುಸ್ಟರ್ ವಿಧಾನ ಅಂತ ನನಗೆ ಹೆಸರು ಗೊತ್ತಿತ್ತು, ಅವರಿಗೆ ಕೆಲ್ಸ ಗೊತ್ತಿತ್ತು. ಆ ವರ್ಷ ಪೂರ್ತಿ ನನ್ ಥೀಸಿಸ್ ಬಗ್ಗೆ ಯಾರೂ ಒಂದು ಮಾತೂ ಕೇಳ್ಲಿಲ್ಲ, ಎಲ್ಲಾ ಕೇಳಿದ್ದು ಬಿಎಸ್ಸಿ ಫಸ್ಟ್ ಸೆಮ್ಮಿಂದು.

ನಾನು ಹೇಳೋಕೆ ಹೊರಟಿರೋದೂ ಇದನ್ನೇ. ಪಿಎಚ್‌ಡಿ ಒಂದೇ ವಿಷಯದಲ್ಲಿ ಆಳಕ್ಕೆ ಇಳಿಸುತ್ತೆ, ಕೆಲ್ಸ ಕೊಡೋರು ನೋಡೋದು ಬೇರೇನೇ, ಅದೂ ಒಬ್ಬೊಬ್ರು ಒಂದೊಂದು. ಹಾಗಾಗಿ ಯಾವ ಬಾಗಿಲು ತಟ್ತೀರ ಅನ್ನೋದು ಈಗ್ಲೇ, ಈ ಆರು ತಿಂಗ್ಳಲ್ಲೇ ತೀರ್ಮಾನ ಆಗ್ಬೇಕು.

ಸರ್ಕಾರಿ ಪದವಿ ಕಾಲೇಜು ಅಂದ್ರೆ ಪರೀಕ್ಷೆ. 2021ರಲ್ಲಿ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ 1242 ಹುದ್ದೆ ಕರೆದಿದ್ರು, 2022ರ ಮಾರ್ಚಲ್ಲಿ ಎಕ್ಸಾಮ್, ಕಡ್ಡಾಯ ಕನ್ನಡ, ಕಡ್ಡಾಯ ಇಂಗ್ಲಿಷ್, ಸಾಮಾನ್ಯ ಜ್ಞಾನ, ಜೊತೆಗೆ ನಮ್ ಸಬ್ಜೆಕ್ಟ್. ಇಂಟರ್‌ವ್ಯೂ ಇಲ್ಲ. ಅಲ್ಲಿ ನಿಮ್ ಪೇಪರ್ ಎಷ್ಟು, ಸೈಟೇಷನ್ ಎಷ್ಟು ಅಂತ ಯಾರೂ ಕೇಳಲ್ಲ, ಎಂಎಸ್ಸಿ ಸಿಲಬಸ್ ಪೂರ್ತಿ ತಲೇಲಿ ಇರ್ಬೇಕು. ನನ್ ಪಕ್ಕದಲ್ಲಿ ಕೂತು ಬರೆದೋಳು ಹಿಂದಿನ ವರ್ಷ ಎಂಎಸ್ಸಿ ಮುಗಿಸಿ ನೆಟ್ ಪಾಸಾಗಿದ್ದ ಹುಡುಗಿ, ಅವಳಿಗೆ ಕ್ವಾಂಟಮ್, ಸ್ಟ್ಯಾಟ್ ಮೆಕ್ ಎಲ್ಲಾ ಬಿಸಿಬಿಸಿ ಇತ್ತು, ನಾನು ಅದಕ್ಕೋಸ್ಕರ ಎಂಟು ತಿಂಗ್ಳು ಹಳೇ ನೋಟ್ಸ್ ತಿರುವಿ ಹಾಕ್ಬೇಕಾಯ್ತು, ಹೈಸ್ಕೂಲಲ್ಲಿ ಬಿಟ್ಟಿದ್ದ ಸಂಧಿ ಸಮಾಸಾನೂ ಸೇರಿಸಿ. ಆಯ್ಕೆ ಆದೆ, ಆದ್ರೆ ಆರ್ಡರ್ ಕೈಗೆ ಬರೋವರೆಗೆ ಕಾದಿದ್ದು ಇನ್ನೊಂದು ಪಿಎಚ್‌ಡಿ ಥರಾನೇ ಇತ್ತು ಬಿಡಿ.

ಯೂನಿವರ್ಸಿಟಿ ಪೋಸ್ಟ್ ಲೆಕ್ಕ ಬೇರೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಶಾರ್ಟ್‌ಲಿಸ್ಟ್ ಮಾಡೋಕೆ ಒಂದು ಟೇಬಲ್ ಇದೆ, ಒಮ್ಮೆ ತೆಗೆದು ನೋಡಿ, ಕಣ್ಣು ತೆರೆಯುತ್ತೆ. ಪಿಎಚ್‌ಡಿಗೆ 30 ಅಂಕ, ಪಿಜಿಯಲ್ಲಿ 80 ಪರ್ಸೆಂಟ್ ದಾಟಿದ್ರೆ 25, ಡಿಗ್ರಿಯಲ್ಲಿ ದಾಟಿದ್ರೆ 15. ನೆಟ್ ಜೊತೆ ಜೆಆರ್‌ಎಫ್ (ಸಂಶೋಧನೆಗೆ ಸಿಗೋ ಫೆಲೋಶಿಪ್) ಇದ್ರೆ 7, ಬರೀ ನೆಟ್ 5, ಸೆಟ್ 3. ಪೇಪರ್ ಒಂದಕ್ಕೆ 2, ಗರಿಷ್ಠ 10, ಅಂದ್ರೆ ಐದು ಪೇಪರ್ ಆದ್ಮೇಲೆ ಆರನೇದು ಈ ಟೇಬಲಲ್ಲಿ ಲೆಕ್ಕಕ್ಕಿಲ್ಲ. ಇಪ್ಪತ್ತನೇ ವಯಸ್ಸಲ್ಲಿ ಜ್ವರ ಬಂದು ಕಮ್ಮಿ ಮಾರ್ಕ್ಸ್ ತಗೊಂಡಿದ್ದು ಮೂವತ್ತೆರಡರಲ್ಲೂ ಬಿಡಲ್ಲ. ಪಾಠ ಮಾಡಿದ ಅನುಭವ ಅಥವಾ ಪೋಸ್ಟ್‌ಡಾಕ್, ಯಾವ್ದಾದ್ರೂ ಸರಿ ವರ್ಷಕ್ಕೆ 2, ಅದೂ ಗರಿಷ್ಠ 10. ರಜೆ ಹಾಕಿ ಪಿಎಚ್‌ಡಿಗೆ ಕಳೆದ ವರ್ಷಗಳನ್ನ ಅನುಭವ ಅಂತ ತೋರ್ಸೋಕೂ ಆಗಲ್ಲ. ಇಷ್ಟಾದ್ಮೇಲೂ ಈ ಅಂಕ ಇಂಟರ್‌ವ್ಯೂಗೆ ಕರೆಯೋಕೆ ಮಾತ್ರ, ಆಯ್ಕೆ ಆಗೋದು ಇಂಟರ್‌ವ್ಯೂನಲ್ಲಿ, ಅಲ್ಲಿ ಏನೇನು ನಡೆಯುತ್ತೆ ಅಂತ ನಾನ್ ಹೇಳೋದ್ ಬೇಡ, ನಿಮ್ ಡಿಪಾರ್ಟ್‌ಮೆಂಟ್ ಕಾರಿಡಾರಲ್ಲೇ ಕೇಳಿರ್ತೀರ.

ಐಐಎಸ್ಸಿ, ಐಐಟಿ ಕಡೆ ಕಣ್ಣಿದ್ರೆ ಮಾತ್ರ ಪೋಸ್ಟ್‌ಡಾಕ್ ಪ್ರಶ್ನೆಗೆ ನನ್ ಉತ್ತರ ಸೀದಾ "ಹೌದು", ಅಲ್ಲಿ ಅದಿಲ್ದೆ ಒಳಗೆ ಹೋಗೋರು ಬಹಳ ಅಪರೂಪ, ಅಲ್ಲಿ ನೋಡೋದೇ ಪೇಪರ್, ಮುಂದಿನ ಐದು ವರ್ಷ ಏನ್ ಮಾಡ್ತೀರ ಅನ್ನೋ ಪ್ಲಾನ್. ಸಂಬಳದಲ್ಲೂ ವ್ಯತ್ಯಾಸ ಇದೆ, ನಮ್ ಕಾಲೇಜಲ್ಲಿ ಮೂಲವೇತನ 57,700ದಿಂದ ಶುರು, ಅಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಗ್ರೇಡ್ ಒನ್‌ಗೆ 1,01,500. ಇನ್‌ಸ್ಪೈರ್ ಫ್ಯಾಕಲ್ಟಿ ಅನ್ನೋ ಕೇಂದ್ರ ಸರ್ಕಾರದ ಯೋಜನೇನೂ ಇದೆ, ತಿಂಗ್ಳಿಗೆ 1.25 ಲಕ್ಷ ಫೆಲೋಶಿಪ್, ಐದು ವರ್ಷ, ಹೆಸರಲ್ಲಿ ಫ್ಯಾಕಲ್ಟಿ ಇದ್ರೂ ಅದು ಪರ್ಮನೆಂಟ್ ಅಲ್ಲ ಅನ್ನೋದು ಮನೇಲಿ ಮೊದ್ಲೇ ಹೇಳಿಬಿಡಿ. ಪದವಿ ಕಾಲೇಜಿಗೇ ಹೋಗ್ಬೇಕು ಅಂತಿದ್ರೆ ಎರಡು ವರ್ಷ ಜರ್ಮನಿಯಲ್ಲಿ ಪೋಸ್ಟ್‌ಡಾಕ್ ಮಾಡಿ ಬಂದು ಕೆಇಎ ಪರೀಕ್ಷೆ ಬರೆಯೋದು ಯಾಕೆ ಅಂತ ನೀವೇ ಯೋಚ್ನೆ ಮಾಡಿ.

ಪ್ರೈವೇಟ್ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ನಾನು ಎರಡು ವರ್ಷ ಒಂದು ಕಡೆ ಇದ್ದೆ, ಹೆಸರು ಬೇಡ. ವಾರಕ್ಕೆ ಹದಿನೆಂಟು ಗಂಟೆ ಕ್ಲಾಸು, ಉಳಿದ ಟೈಮಲ್ಲಿ ನ್ಯಾಕ್ (ಕಾಲೇಜಿಗೆ ಗ್ರೇಡ್ ಕೊಡೋ ಸಂಸ್ಥೆ) ಫೈಲು, ಬೇಸಿಗೆ ಬಂದ್ರೆ ಅಡ್ಮಿಷನ್ ಟಾರ್ಗೆಟ್ ಅಂತ ಪಿಯು ಕಾಲೇಜುಗಳ ಗೇಟಲ್ಲಿ ಪಾಂಪ್ಲೆಟ್ ಹಿಡ್ಕೊಂಡು ನಿಂತಿದೀನಿ. ಸೇರುವಾಗ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಸ್ಕೊಂಡಿದ್ರು, ಬಿಡುವಾಗ ಅದನ್ನ ವಾಪಸ್ ತಗೊಳ್ಳೋಕೆ ಎರಡು ತಿಂಗ್ಳು ಅಲೆದೆ. ಒಳ್ಳೇ ಪ್ರೈವೇಟ್ ಕಾಲೇಜುಗಳೂ ಇವೆ, ನನ್ ಗೆಳತಿ ಒಬ್ಳು ಖುಷಿಯಾಗಿದಾಳೆ. ಸೇರೋ ಮುಂಚೆ ಅಲ್ಲಿ ಕೆಲ್ಸ ಬಿಟ್ಟೋರು ಒಬ್ರಿಗಾದ್ರೂ ಫೋನ್ ಮಾಡಿ. ಇರೋರಿಗಲ್ಲ, ಬಿಟ್ಟೋರಿಗೆ.

ಈಗ ಈ ಆರು ತಿಂಗ್ಳಲ್ಲಿ ನಾನು ನಿಮ್ ಜಾಗದಲ್ಲಿದ್ರೆ ಮೊದ್ಲು ಕೆ-ಸೆಟ್‌ಗೆ ಓದ್ತಿದ್ದೆ, ನಿಮ್ಗೆ ಈಗಾಗ್ಲೇ ನೆಟ್ ಇದ್ರೆ ಈ ಪ್ಯಾರಾ ಬಿಟ್ಬಿಡಿ. ಮುಂಚೆ ಮೈಸೂರು ವಿವಿ ನಡೆಸ್ತಿತ್ತು, 2024ರ ಜನವರಿಯದ್ದು ಕೆಇಎ ನಡೆಸ್ತು. ಎರಡು ಪೇಪರ್, ಒಟ್ಟು 300 ಅಂಕ, ನೆಗೆಟಿವ್ ಮಾರ್ಕಿಂಗ್ ಇಲ್ಲ, ಪರೀಕ್ಷೆಗೆ ಕೂತವರಲ್ಲಿ ಸುಮಾರು ನೂರಕ್ಕೆ ಆರು ಜನ ಪಾಸ್. ಈ ಅರ್ಹತೆ ಕರ್ನಾಟಕದೊಳಗೆ ಮಾತ್ರ ಲೆಕ್ಕಕ್ಕೆ ಬರುತ್ತೆ ಅನ್ನೋದು ಬಿಟ್ರೆ ಬೇರೆ ತೊಂದ್ರೆ ಇಲ್ಲ. ಇದಿದ್ರೆ ವೈವಾ ಯಾವಾಗ ಆದ್ರೇನು, ಅರ್ಜಿ ಹಾಕ್ಬಹುದು. ಇನ್ನೊಂದು, ಯೂನಿವರ್ಸಿಟಿಗೆ ಪಿಎಚ್‌ಡಿ ಕಡ್ಡಾಯ ಆಗುತ್ತೆ ಅಂತ ನಮ್ ಕಾಲದಲ್ಲಿ ಎಲ್ರೂ ನಂಬಿದ್ವಿ, 2021ಕ್ಕೆ ಅಂತಿದ್ದಿದ್ದು ಕೋವಿಡ್ಡಲ್ಲಿ ಮುಂದಕ್ಕೋಯ್ತು, 2023ರಲ್ಲಿ ಕೈಬಿಟ್ರು. ಹಂಗಾಗಿ ಪಿಎಚ್‌ಡಿ ಇಲ್ದೆ ನೆಟ್, ಸೆಟ್ ಇರೋರೂ ನಿಮ್ ಜೊತೆ ಅದೇ ಸಾಲಲ್ಲಿ ನಿಲ್ತಾರೆ.

ಆಮೇಲೆ ಪಿಎಚ್‌ಡಿ ಯುಜಿಸಿ ನಿಯಮದ ಪ್ರಕಾರ ಆಗಿದೆ ಅನ್ನೋ ಸರ್ಟಿಫಿಕೇಟನ್ನ ವೈವಾ ಆದ್ ತಿಂಗ್ಳೇ ತಗೊಳ್ಳಿ, ಡಾಕ್ಯುಮೆಂಟ್ ವೆರಿಫಿಕೇಷನ್‌ನಲ್ಲಿ ಕೇಳ್ತಾರೆ, ನಾಕು ವರ್ಷ ಬಿಟ್ಟು ಹೋದ್ರೆ ನಿಮ್ ಫೈಲ್ ಗೊತ್ತಿದ್ದ ಕ್ಲರ್ಕ್ ಟ್ರಾನ್ಸ್‌ಫರ್ ಆಗಿರ್ತಾರೆ. ನಿಮ್ ಗೈಡ್ ಒಪ್ಪಿದ್ರೆ ವಾರಕ್ಕೆರಡು ಬಿಎಸ್ಸಿ ಅಥವಾ ಬಿಎ ಕ್ಲಾಸ್ ತಗೊಳ್ಳಿ, ಸಂಬಳ ಇಲ್ದಿದ್ರೂ. ಬೋರ್ಡ್ ಮುಂದೆ ನಿಂತು "ಮೇಡಂ ಅರ್ಥ ಆಗ್ಲಿಲ್ಲ" ಅನ್ನೋದನ್ನ ಕೆಲ್ಸಕ್ಕೆ ಸೇರೋ ಮುಂಚೇನೇ ಕೇಳಿಸ್ಕೊಂಡಿದ್ರೆ ಒಳ್ಳೇದು.

ನಿಮ್ ಸಬ್ಜೆಕ್ಟ್ ಯಾವ್ದು ಅಂತ ಬರ್ದಿಲ್ಲ. ಫಿಸಿಕ್ಸ್ ಆಗಿದ್ರೆ ಹೇಳಿ, ನನ್ ಪರೀಕ್ಷೆ ನೋಟ್ಸು ಎರಡು ರಟ್ಟಿನ ಡಬ್ಬಿ ತುಂಬ ಅಟ್ಟದ ಮೇಲಿದೆ, ಇಲಿ ಬಿಟ್ಟಿದ್ದಷ್ಟು ನಿಮಗೆ.