ದುಬೈಗೆ ಮೊದಲ ಸಲ, ಅಪ್ಪ-ಅಮ್ಮನ ಜೊತೆ ಐದು ದಿನ: ಪ್ಯಾಕೇಜ್ ಬೇಕಾ?

ಡಿಸೆಂಬರ್‌ನಲ್ಲಿ ಬೆಂಗಳೂರಿನಿಂದ ದುಬೈಗೆ ಐದು ದಿನ ಹೋಗಬೇಕು, ಗಂಡ-ಹೆಂಡತಿ, ಅರವತ್ತು ದಾಟಿದ ಅಪ್ಪ-ಅಮ್ಮ, ಏಳು ವರ್ಷದ ಮಗಳು. ಏಜೆಂಟ್ ಹೇಳುವ ಪ್ಯಾಕೇಜ್ ತೆಗೆದುಕೊಳ್ಳೋದಾ, ನಾವೇ ಮಾಡಿಕೊಳ್ಳೋದಾ ಅಂತ ಕೇಳಿದ್ದೀರಿ. ನೀವೇ ಮಾಡಿಕೊಳ್ಳಿ. ವೀಸಾ ಮತ್ತು ಮರುಭೂಮಿ ಸಫಾರಿ ಎರಡಕ್ಕೆ ಮಾತ್ರ ಏಜೆಂಟ್ ಸಾಕು. ದುಬೈನಲ್ಲಿ ಪ್ರವಾಸ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಹೋಟೆಲ್ ಮೆಟ್ರೋದಿಂದ ದೂರ ಇರುತ್ತದೆ. ಅಗ್ಗದ ಪ್ಯಾಕೇಜ್‌ಗಳು ಅಗ್ಗವಾಗುವುದೂ ಅಲ್ಲೇ.

ಮೊದಲು ಅದನ್ನೇ ಬಿಡಿಸಿ ಹೇಳುತ್ತೇನೆ. ಪ್ಯಾಕೇಜ್‌ನಲ್ಲಿ ಹೋಟೆಲ್ ಹೆಸರಿನ ಪಕ್ಕ ಶಾರ್ಜಾ ಅಂತ ಇದ್ದರೆ ಬೇಡ ಅನ್ನಿ. ಶಾರ್ಜಾಕ್ಕೆ ಮೆಟ್ರೋ ಇಲ್ಲ. ಸಂಜೆ ಹೊತ್ತು ದುಬೈನಿಂದ ಅಲ್ಲಿಗೆ ಹೋಗುವ ರಸ್ತೆಯಲ್ಲಿ ಗಾಡಿಗಳು ಆಮೆವೇಗದಲ್ಲಿ ಸಾಗುತ್ತವೆ, ಟ್ಯಾಕ್ಸಿ ಹತ್ತಿದರೆ ಮೀಟರ್ ಮೇಲೆ 20 ದಿರ್ಹಮ್ ಹೆಚ್ಚುವರಿ. ಐದು ಜನ ಅಂದರೆ ಇನ್ನೊಂದು ತೊಡಕು ಇದೆ: ಮಾಮೂಲಿ ಟ್ಯಾಕ್ಸಿಯಲ್ಲಿ ನಾಲ್ಕೇ ಪ್ರಯಾಣಿಕರು, ಮಗುವೂ ಲೆಕ್ಕಕ್ಕೆ. ನಿಮಗೆ ಪ್ರತಿ ಸಲ ವ್ಯಾನ್ ಟ್ಯಾಕ್ಸಿ ಬೇಕಾಗುತ್ತದೆ. ಹಾಗಾಗಿ ಮೆಟ್ರೋ ಸ್ಟೇಷನ್‌ನಿಂದ ಐದಾರು ನಿಮಿಷದ ನಡಿಗೆಯಲ್ಲಿ ಇರುವ ಹೋಟೆಲ್‌ಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಕೊನೆಗೆ ಉಳಿತಾಯವೇ.

ನಾನಾದರೆ ಬುರ್‌ಜುಮಾನ್ ಸ್ಟೇಷನ್ ಸುತ್ತ ನೋಡುತ್ತೇನೆ. ರೆಡ್ ಲೈನ್, ಗ್ರೀನ್ ಲೈನ್ ಎರಡೂ ಅಲ್ಲಿ ಸೇರುತ್ತವೆ. ಒಂದು ಕಡೆ ಹಳೇ ಬುರ್ ದುಬೈ, ಇನ್ನೊಂದು ಕಡೆ ಕರಾಮಾ. ಇಡ್ಲಿ, ದೋಸೆ, ಅನ್ನ-ಸಾರು ಸಿಗುವ ದಕ್ಷಿಣ ಭಾರತದ ಹೋಟೆಲ್‌ಗಳು ಸಾಲಾಗಿ ಇವೆ, ಆದ್ದರಿಂದ ಹಿರಿಯರ ಊಟದ ಚಿಂತೆ ಇರುವುದಿಲ್ಲ. ಮಂಗಳೂರು, ಉಡುಪಿ, ಭಟ್ಕಳ ಕಡೆಯವರು ಈ ಭಾಗದಲ್ಲಿ ತುಂಬ ಜನ ಇದ್ದಾರೆ. ಅಂಗಡಿಯಲ್ಲಿ ಕನ್ನಡ, ತುಳು ಕಿವಿಗೆ ಬಿದ್ದರೆ ಆಶ್ಚರ್ಯಪಡಬೇಡಿ. ಚೆಕ್-ಇನ್ ಮಾಡುವಾಗ ಪ್ರತಿ ರೂಮಿಗೆ ಪ್ರತಿ ರಾತ್ರಿಗೆ 7ರಿಂದ 20 ದಿರ್ಹಮ್‌ವರೆಗೆ ‘ಟೂರಿಸಂ ದಿರ್ಹಮ್’ ಕೇಳುತ್ತಾರೆ. ಆನ್‌ಲೈನ್‌ನಲ್ಲಿ ಪೂರ್ತಿ ದುಡ್ಡು ಕಟ್ಟಿದ್ದರೂ ಇದು ಸಾಮಾನ್ಯವಾಗಿ ಬೇರೆ. ಜೊತೆಗೆ ವಾಪಸ್ ಕೊಡುವ ಡಿಪಾಸಿಟ್ ಕೂಡ ಕೇಳಬಹುದು. ಮೋಸ ಅಲ್ಲ, ನಿಯಮವೇ ಹಾಗೆ.

ವೀಸಾ ವಿಷಯ: ಅಮೆರಿಕದ ವೀಸಾ ಅಥವಾ ಗ್ರೀನ್ ಕಾರ್ಡ್‌ನಂಥದ್ದು ಇಲ್ಲದ ಭಾರತೀಯರು ಹೊರಡುವ ಮುಂಚೆಯೇ ತೆಗೆದುಕೊಳ್ಳಬೇಕು. ವಿಮಾನ ಕಂಪನಿ ಅಥವಾ ಏಜೆಂಟ್ ಮೂಲಕ 30 ದಿನದ್ದು ಸಾಕು. ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಉಳಿದಿರಲಿ. ವಾಪಸ್ ಟಿಕೆಟ್ ಮತ್ತು ಹೋಟೆಲ್ ಬುಕಿಂಗ್‌ನ ಪ್ರಿಂಟ್ ಕೈಯಲ್ಲಿರಲಿ. ಅವಧಿ ಮೀರಿ ಉಳಿದರೆ ದಿನಕ್ಕೆ 50 ದಿರ್ಹಮ್ ದಂಡ.

ಈಗ ಪೆಟ್ಟಿಗೆ ಕಟ್ಟುವ ವಿಷಯ. ದಯವಿಟ್ಟು ಇದನ್ನು ಅಮ್ಮನಿಗೂ ಓದಿ ಹೇಳಿ. ಗಸಗಸೆ ಯುಎಇಯಲ್ಲಿ ನಿಷಿದ್ಧ. ಅಫೀಮಿನ ಗಿಡದ ಬೀಜ ಅನ್ನುವ ಕಾರಣಕ್ಕೆ ಅದನ್ನು ಮಾದಕ ವಸ್ತುವಿನ ಕಾನೂನಿನಡಿ ನೋಡುತ್ತಾರೆ, ಅಡುಗೆಗೆ ಅಂದರೆ ಕೇಳುವುದಿಲ್ಲ. ಬಿಡಿ ಗಸಗಸೆ ಯಾರೂ ಒಯ್ಯುವುದಿಲ್ಲ ಅಂದುಕೊಳ್ಳಬೇಡಿ. ಮನೆಯಲ್ಲಿ ಮಾಡಿದ ಬಿಸಿಬೇಳೆಬಾತ್ ಪುಡಿ, ಕುರ್ಮಾ ಮಸಾಲೆಯಲ್ಲಿ ಗಸಗಸೆ ಇರುತ್ತದೆ, ಕೆಲವು ಸಿಹಿತಿಂಡಿಗಳ ಮೇಲೂ ಉದುರಿಸಿರುತ್ತಾರೆ. ಪುಡಿಗಳನ್ನೆಲ್ಲ ಮನೆಯಲ್ಲೇ ಬಿಡಿ, ಅಲ್ಲಿ ಎಲ್ಲ ಸಿಗುತ್ತದೆ. ಎಲೆ-ಅಡಿಕೆ, ಗುಟ್ಕಾ ಕೂಡ ಬೇಡ. ಔಷಧಿ: ಬಿಪಿ, ಶುಗರ್ ಮಾತ್ರೆಗೆ ತೊಂದರೆ ಇಲ್ಲ; ಮೂಲ ಸ್ಟ್ರಿಪ್‌ನಲ್ಲೇ, ವೈದ್ಯರ ಚೀಟಿಯ ಜೊತೆ ಇಟ್ಟುಕೊಳ್ಳಿ. ಆದರೆ ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆ, ನಿದ್ದೆಗೋ ಆತಂಕಕ್ಕೋ ಕೊಡುವ ಆಲ್ಪ್ರಾಜೋಲಾಮ್ ತರಹದವು ನಿಯಂತ್ರಿತ ಔಷಧಿಗಳು. ಅಂಥದ್ದು ಬೇಕೇ ಬೇಕು ಅಂದರೆ ಅಲ್ಲಿನ ಸರ್ಕಾರದ ಅಧಿಕೃತ ವೆಬ್‌ಸೈಟ್‌ನಲ್ಲಿ ಮುಂಚಿತ ಅನುಮತಿ ಪಡೆಯಬೇಕು. ಅಪ್ಪನ ಮಂಡಿನೋವಿನ ಮಾತ್ರೆಯ ಹಿಂದೆ ಏನು ಬರೆದಿದೆ ಅಂತ ಇವತ್ತೇ ನೋಡಿ.

ಫೋನಿನಲ್ಲಿ ಎರಡು ಕೆಲಸ ಇಲ್ಲಿಂದಲೇ ಮುಗಿಸಿ. ನಮ್ಮ ಬ್ಯಾಂಕ್ ಕಾರ್ಡ್‌ಗಳಲ್ಲಿ ವಿದೇಶಿ ಬಳಕೆ ಹೆಚ್ಚಾಗಿ ಆಫ್ ಆಗಿರುತ್ತದೆ, ಆ್ಯಪ್‌ನಲ್ಲಿ ಆನ್ ಮಾಡಿ. ಎರಡನೆಯದು, ಯುಎಇಯಲ್ಲಿ ವಾಟ್ಸ್‌ಆ್ಯಪ್ ಮೆಸೇಜ್ ಹೋಗುತ್ತದೆ, ಕಾಲ್ ಹೋಗುವುದಿಲ್ಲ. ಅಲ್ಲಿರುವವರು ಕಾಲ್‌ಗೆ ಬಳಸುವುದು ಬೋಟಿಮ್ ಅನ್ನುವ ಆ್ಯಪ್. ಅದನ್ನು ಊರಲ್ಲಿ ಉಳಿಯುವವರ ಫೋನಿಗೂ ಹಾಕಿಸಿ. ಅಲ್ಲಿನ ಅಂಗಡಿಯ ಯಂತ್ರ ‘ರೂಪಾಯಿಯಲ್ಲೋ ದಿರ್ಹಮ್‌ನಲ್ಲೋ’ ಅಂತ ಕೇಳಿದರೆ ದಿರ್ಹಮ್ ಒತ್ತಿ, ರೂಪಾಯಿ ಒತ್ತಿದರೆ ಕೆಟ್ಟ ದರ ಹಾಕುತ್ತದೆ. ಪ್ಲಗ್ ಬ್ರಿಟಿಷ್ ಮಾದರಿಯ ಚೌಕ ಮೂರು ಪಿನ್, ಅಡಾಪ್ಟರ್ ಒಯ್ಯಿರಿ.

ಮೆಟ್ರೋಗೆ ‘ನೋಲ್’ ಕಾರ್ಡ್. ಸಿಲ್ವರ್ ಕಾರ್ಡ್ 25 ದಿರ್ಹಮ್, ಅದರಲ್ಲಿ 19 ಬ್ಯಾಲೆನ್ಸ್ ಆಗಿ ಸಿಗುತ್ತದೆ. ಒಬ್ಬೊಬ್ಬರಿಗೂ ಒಂದೊಂದು ಬೇಕು, 5 ವರ್ಷದೊಳಗಿನ ಮಕ್ಕಳಿಗೆ ಮಾತ್ರ ಬೇಡ. ಒಂದೇ ವಲಯದೊಳಗೆ 3, ಎರಡು ವಲಯಕ್ಕೆ 5, ಅದಕ್ಕೂ ಮೀರಿದರೆ 7.50 ದಿರ್ಹಮ್, ಎಷ್ಟೇ ದೂರ ಹೋದರೂ ಅದಕ್ಕಿಂತ ಜಾಸ್ತಿ ಇಲ್ಲ. ದಿನವಿಡೀ ಓಡಾಡುವ ದಿನಕ್ಕೆ 20 ದಿರ್ಹಮ್‌ನ ಡೇ ಪಾಸ್ ಇದೆ. ಕಾರ್ಡಿನಲ್ಲಿ ಬ್ಯಾಲೆನ್ಸ್ ಸಾಲದಿದ್ದರೆ ಗೇಟ್ ತೆರೆಯದೆ ಹಿಂದೆ ಸಾಲು ಬೆಳೆಯುತ್ತದೆ, ಆದ್ದರಿಂದ ರೀಚಾರ್ಜ್ ಹಿಂದಿನ ರಾತ್ರಿಯೇ ಮಾಡಿಬಿಡಿ. ಪ್ರವಾಸಿಗರಿಗೆ ದಂಡ ಬೀಳುವುದು ಎರಡು ಕಡೆ: ಒಳಗೆ ನೀರು ಕುಡಿದರೂ ಚೂಯಿಂಗ್ ಗಮ್ ಜಗಿದರೂ 100 ದಿರ್ಹಮ್, ನೆಲದ ಮೇಲೆ ಗುಲಾಬಿ ಗೆರೆ ಇರುವ ಮಹಿಳೆ-ಮಕ್ಕಳ ಬೋಗಿಗೆ ಗಂಡಸು ಹತ್ತಿದರೂ ಅಷ್ಟೇ. ಕುಟುಂಬ ಜೊತೆಗಿದೆ ಅನ್ನುವ ನೆಪ ನಡೆಯುವುದಿಲ್ಲ. ಸ್ಟೇಷನ್‌ಗಳ ಹೆಸರಿನ ಹಕ್ಕನ್ನು ಕಂಪನಿಗಳಿಗೆ ಮಾರುತ್ತಾರೆ, ಹಾಗಾಗಿ ಹಳೇ ವಿಡಿಯೊ ನೋಡಿ ಹೊರಟರೆ ದಾರಿ ತಪ್ಪುತ್ತದೆ: ದುಬೈ ಮರೀನಾ ಸ್ಟೇಷನ್ ಈಗ ಶೋಭಾ ರಿಯಾಲ್ಟಿ, ಅಲ್ ಫಹೀದಿ ಸ್ಟೇಷನ್ ಈಗ ಶರಾಫ್ ಡಿಜಿ.

ನೋಡುವ ಜಾಗಗಳಲ್ಲಿ ನನಗೆ ಅತ್ಯಂತ ಪ್ರೀತಿಯದು ಹಳೇ ಖಾರಿ, ಅಂದರೆ ಕ್ರೀಕ್. ಬಹಳ ಪ್ಯಾಕೇಜ್‌ಗಳು ಇದನ್ನು ಬಸ್ಸಿನ ಕಿಟಕಿಯಿಂದ ತೋರಿಸಿ ಮುಗಿಸುತ್ತವೆ, ಅದು ಅನ್ಯಾಯ. ಅರ್ಧ ದಿನ ಇದಕ್ಕೇ ಇಡಿ. ಶರಾಫ್ ಡಿಜಿ ಸ್ಟೇಷನ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ಇಳಿದು ಮೊದಲು ಅಲ್ ಫಹೀದಿ ಹಳೇ ಬಡಾವಣೆಗೆ ನಡೆಯಿರಿ. ಹವಳದ ಕಲ್ಲು ಮತ್ತು ಜಿಪ್ಸಂ ಬಳಸಿ ಕಟ್ಟಿದ ಮನೆಗಳು, ಅವುಗಳ ತಲೆಯ ಮೇಲೆ ನಾಲ್ಕೂ ಕಡೆ ತೆರೆದ ಗಾಳಿಗೋಪುರ. ಯಾವ ಕಡೆಯಿಂದ ಗಾಳಿ ಬೀಸಿದರೂ ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತದೆ. ಕರೆಂಟ್ ಬರುವ ಮುಂಚೆ ಈ ಸೆಕೆಯಲ್ಲಿ ಜನ ಬದುಕಿದ್ದು ಹೀಗೆ. ಒಂದು ಗೋಪುರದ ಕೆಳಗೆ ಮಗಳನ್ನು ನಿಲ್ಲಿಸಿ, ತಲೆಯ ಮೇಲೆ ಗಾಳಿ ಇಳಿಯುವುದು ಅವಳಿಗೇ ಗೊತ್ತಾಗುತ್ತದೆ. ಅಲ್ಲೇ ಇರುವ ಶೇಖ್ ಮೊಹಮ್ಮದ್ ಸಾಂಸ್ಕೃತಿಕ ಕೇಂದ್ರದಲ್ಲಿ ಮುಂಚೆ ಬುಕ್ ಮಾಡಿದರೆ ಎಮಿರಾತಿ ಆತಿಥೇಯರ ಜೊತೆ ಕೂತು ಊಟ ಮಾಡಬಹುದು, ಅವರ ಧರ್ಮ, ಉಡುಪಿನ ಬಗ್ಗೆ ಏನು ಬೇಕಾದರೂ ಕೇಳಬಹುದು.

ಆಮೇಲೆ ಬಟ್ಟೆ ಸೂಕ್ (ಸೂಕ್ ಅಂದರೆ ಪೇಟೆ) ದಾಟಿ ಬುರ್ ದುಬೈ ಕಟ್ಟೆಗೆ ಬಂದು ಅಬ್ರಾ ಹತ್ತಿ. ಮರದ ದೋಣಿ, ನಡುವಿನ ಹಲಗೆಯ ಮೇಲೆ ಹೊರಮುಖವಾಗಿ ಸಾಲಾಗಿ ಕೂರಬೇಕು, ಅಂಚಿಗೆ ಕಟಕಟೆ ಇಲ್ಲ. ಬೆಲೆ ತಲೆಗೆ 1 ದಿರ್ಹಮ್, ದೋಣಿಯವನ ಕೈಗೇ ಚಿಲ್ಲರೆ ನಾಣ್ಯ ಕೊಡಬೇಕು. ನೂರರ ನೋಟು ಹಿಡಿದು ಹೋಗಬೇಡಿ. ದೋಣಿ ಕಟ್ಟೆಗೆ ತಾಗಿ ನಿಂತರೂ ಮೇಲೆ ಕೆಳಗೆ ಅಲುಗುತ್ತಿರುತ್ತದೆ, ಅಪ್ಪ-ಅಮ್ಮನನ್ನು ಅದು ಮೇಲೆ ಬಂದ ಕ್ಷಣ ನೋಡಿ ಕೈಹಿಡಿದು ಹತ್ತಿಸಿ. ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದು ಸುಮಾರು ಐದೂವರೆಗೆ, ಐದಕ್ಕೆ ಹತ್ತಿದರೆ ಬೆಳಕು ಚೆನ್ನಾಗಿರುತ್ತದೆ. ಆಚೆ ದಡದಲ್ಲಿ ಮಸಾಲೆ ಸೂಕ್, ಅಲ್ಲಿಂದ ಸ್ವಲ್ಪ ನಡೆದರೆ ಚಿನ್ನದ ಸೂಕ್.

ಚಿನ್ನದ ಬಗ್ಗೆ ನೇರವಾಗಿ ಹೇಳುತ್ತೇನೆ, ಲಾಭಕ್ಕಾಗಿ ಕೊಳ್ಳಬೇಡಿ. 2024ರ ಜುಲೈನಲ್ಲಿ ಭಾರತ ಚಿನ್ನದ ಆಮದು ಸುಂಕವನ್ನು ಶೇ. 15ರಿಂದ ಶೇ. 6ಕ್ಕೆ ಇಳಿಸಿದಾಗಲೇ ಹಳೇ ಲೆಕ್ಕ ಬದಲಾಯಿತು. ಹೊರಡುವ ಮುಂಚೆ ಆ ದಿನದ ಎರಡೂ ಕಡೆಯ ದರ ಹೋಲಿಸಿ ನೋಡಿ. ಅಲ್ಲಿ ಶೇ. 5 ವ್ಯಾಟ್ ಇದೆ. ದಿನದ ದರ ಅಂಗಡಿಗಳ ಬೋರ್ಡಿನಲ್ಲಿ ಇರುತ್ತದೆ, ಅದರಲ್ಲಿ ಚೌಕಾಸಿಗೆ ಜಾಗ ಇಲ್ಲ. ಚೌಕಾಸಿ ಮಾಡಬೇಕಾದ್ದು ಮಜೂರಿಯಲ್ಲಿ. ಗ್ರಾಂಗೆ ಮಜೂರಿ ಎಷ್ಟು, ಕಲ್ಲಿನ ತೂಕ ಕಳೆದಿದ್ದೀರಾ, ವ್ಯಾಟ್ ಸೇರಿಸಿ ಒಟ್ಟು ಎಷ್ಟು ಅಂತ ಮೂರನ್ನೂ ಬೇರೆ ಬೇರೆ ಕೇಳಿ ಬರೆಸಿಕೊಳ್ಳಿ. ಹೆಂಗಸರು 40 ಗ್ರಾಂ, ಗಂಡಸರು 20 ಗ್ರಾಂ ಸುಂಕವಿಲ್ಲದೆ ತರಬಹುದು ಅಂತ ಎಲ್ಲರೂ ಹೇಳುತ್ತಾರೆ. ಆ ರಿಯಾಯಿತಿ ಒಂದು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿ ಇದ್ದು ಬರುವವರಿಗೆ, ಐದು ದಿನದ ಪ್ರವಾಸಿಗಳಿಗಲ್ಲ. ಇಲ್ಲಿಂದ ಅಮ್ಮ ದಪ್ಪ ಸರ, ಬಳೆ ಹಾಕಿಕೊಂಡು ಹೋಗುವುದಾದರೆ, ಹೊರಡುವಾಗಲೇ ನಮ್ಮ ಕಸ್ಟಮ್ಸ್ ಕೌಂಟರ್‌ನಲ್ಲಿ ತೋರಿಸಿ ಪ್ರಮಾಣಪತ್ರ ಮಾಡಿಸಿಕೊಳ್ಳಿ, ಇಲ್ಲದಿದ್ದರೆ ಬರುವಾಗ ಅದು ಹಳೆಯದು ಅಂತ ನೀವೇ ಸಾಬೀತು ಮಾಡಬೇಕಾಗುತ್ತದೆ.

ಬುರ್ಜ್ ಖಲೀಫಾಕ್ಕೆ 124-125ನೇ ಮಹಡಿಯ ಟಿಕೆಟ್ ಸಾಕು, 148ನೆಯದಕ್ಕೆ ಕೊಡುವ ಹಣಕ್ಕೆ ನೋಟ ಅಷ್ಟೇನೂ ಬದಲಾಗುವುದಿಲ್ಲ. ಸೂರ್ಯಾಸ್ತದ ಹೊತ್ತಿನ ಟಿಕೆಟ್ ದುಬಾರಿ ಮತ್ತು ಬೇಗ ಖಾಲಿ, ಆನ್‌ಲೈನ್‌ನಲ್ಲೇ ಕೊಳ್ಳಿ. ಮೆಟ್ರೋ ಸ್ಟೇಷನ್‌ನಿಂದ ದುಬೈ ಮಾಲ್‌ಗೆ ಎಸಿ ಸೇತುವೆ ಇದೆ. ಚಲಿಸುವ ಪಟ್ಟಿಗಳು ಇದ್ದರೂ ಹಿರಿಯರ ಜೊತೆ ಇಪ್ಪತ್ತು ನಿಮಿಷ ಹಿಡಿಯುತ್ತದೆ, ಸಮಯದ ಲೆಕ್ಕಕ್ಕೆ ಅದನ್ನೂ ಸೇರಿಸಿ. ಸಂಜೆಯ ಕಾರಂಜಿ ಪುಕ್ಕಟೆ. ಮಾಲ್‌ಗಳ ಬಗ್ಗೆ ಇದಕ್ಕಿಂತ ಹೇಳುವುದೇನಿಲ್ಲ.

ಮರುಭೂಮಿ ಸಫಾರಿ ಬುಕ್ ಮಾಡುವಾಗ ಕೇಳಬೇಕಾದ್ದು: ಹೋಟೆಲ್‌ನಿಂದಲೇ ಜೀಪಿನಲ್ಲಿ ಕರೆದೊಯ್ಯುತ್ತಾರಾ ಅಥವಾ ಬಸ್ಸಿನಲ್ಲಿ ಒಯ್ದು ಅಲ್ಲಿ ಜೀಪಿಗೆ ಹತ್ತಿಸುತ್ತಾರಾ, ಸಸ್ಯಾಹಾರ ಬೇರೆ ಇರುತ್ತದಾ, ಹಿರಿಯರನ್ನು ದಿಬ್ಬ ಹತ್ತಿಸದೆ ನೇರ ಕ್ಯಾಂಪ್‌ಗೆ ಬಿಡುತ್ತಾರಾ. ಕೊನೆಯದು ಮುಖ್ಯ. ಮರಳಿಗೆ ಇಳಿಯುವ ಮುಂಚೆ ಚಾಲಕ ಟೈರಿನ ಗಾಳಿಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತಾನೆ. ಟೈರ್ ಚಪ್ಪಟೆಯಾಗಿ ಹೆಚ್ಚು ಮರಳನ್ನು ಹಿಡಿಯುತ್ತದೆ, ಹೂತುಹೋಗುವುದಿಲ್ಲ. ಆಮೇಲೆ ಗಾಡಿ ದಿಬ್ಬದ ಅಂಚಿನಿಂದ ಅಡ್ಡಡ್ಡ ಜಾರುತ್ತದೆ. ಬೆನ್ನುನೋವು, ಹೃದಯದ ತೊಂದರೆ ಇದ್ದವರು, ಗರ್ಭಿಣಿಯರು ಹತ್ತಲೇಬಾರದು. ಕೊನೆಯ ಸಾಲಿನ ಸೀಟಿನಲ್ಲಿ ಎತ್ತಾಟ ಜಾಸ್ತಿ, ಮಗಳನ್ನು ನಡುವಿನ ಸಾಲಿನಲ್ಲಿ ಕೂರಿಸಿ, ಮಧ್ಯಾಹ್ನದ ಊಟ ಹಗುರವಾಗಿರಲಿ. ರಾತ್ರಿ ಕ್ಯಾಂಪಿನಲ್ಲಿ ಚಳಿ ಇರುತ್ತದೆ, ಸ್ವೆಟರ್ ಒಯ್ಯಿರಿ.

ಅಬುಧಾಬಿಗೆ ಒಂದು ದಿನ ಕೊಡಿ. ಇಬ್ನ್ ಬತೂತಾದಿಂದ ಇ101 ಬಸ್ 25 ದಿರ್ಹಮ್‌ಗೆ ಹೋಗುತ್ತದೆ, ನೋಲ್ ಕಾರ್ಡೇ ನಡೆಯುತ್ತದೆ. ಆದರೆ 2024ರ ಫೆಬ್ರವರಿಯಲ್ಲಿ ತೆರೆದ ಬಿಎಪಿಎಸ್ ಹಿಂದೂ ಮಂದಿರವನ್ನೂ ನೋಡಬೇಕು ಅಂದರೆ ಅದು ಎರಡು ನಗರಗಳ ನಡುವೆ ಅಬು ಮುರೈಖಾದಲ್ಲಿದೆ, ಐದು ಜನಕ್ಕೆ ಚಾಲಕನ ಸಮೇತ ಗಾಡಿ ಮಾಡಿಕೊಳ್ಳುವುದೇ ಸರಿ. ಮಂದಿರ ಸೋಮವಾರ ಮುಚ್ಚಿರುತ್ತದೆ. ಶೇಖ್ ಜಾಯೆದ್ ಮಸೀದಿಗೆ ಪ್ರವೇಶ ಉಚಿತ, ಆನ್‌ಲೈನ್‌ನಲ್ಲಿ ಮುಂಚೆ ಸಮಯ ಹಿಡಿಯಬೇಕು. ಹೆಂಗಸರಿಗೆ ಮೈತುಂಬ ಸಡಿಲ ಬಟ್ಟೆ, ತಲೆಗೆ ವಸ್ತ್ರ; ಗಂಡಸರಿಗೆ ಚಡ್ಡಿ ಬೇಡ. ತೆಳು ಸೀರೆ, ಕುತ್ತಿಗೆ ಆಳವಾದ ರವಿಕೆ ಇದ್ದರೆ ಬಾಗಿಲಲ್ಲಿ ತಡೆಯುತ್ತಾರೆ, ಚೂಡಿದಾರ್ ಮತ್ತು ದೊಡ್ಡ ದುಪಟ್ಟಾ ಅನುಕೂಲ.

ಎಲ್ಲೇ ಇದ್ದರೂ ಅಪರಿಚಿತರ, ಅದರಲ್ಲೂ ಹೆಂಗಸರ ಫೋಟೊ ಕೇಳದೆ ತೆಗೆಯಬೇಡಿ. ಜೀಬ್ರಾ ಪಟ್ಟಿ ಇಲ್ಲದ ಕಡೆ ರಸ್ತೆ ದಾಟಿದರೆ 400 ದಿರ್ಹಮ್ ದಂಡ. ಟ್ರಾಫಿಕ್‌ನಲ್ಲಿ ಬೆರಳು ತೋರಿಸುವುದು, ಬೈಯುವುದು ಅಲ್ಲಿ ಪೊಲೀಸ್ ಕೇಸ್.

ವಾಪಸ್ ಬರುವ ದಿನ ವ್ಯಾಟ್ ಮರಳಿ ಪಡೆಯುವುದಾದರೆ: ಒಂದೇ ಅಂಗಡಿಯಲ್ಲಿ 250 ದಿರ್ಹಮ್‌ಗೆ ಮೇಲೆ ಕೊಂಡಿರಬೇಕು, ಬಿಲ್ ಮಾಡುವಾಗಲೇ ಪಾಸ್‌ಪೋರ್ಟ್ ತೋರಿಸಿ ಟ್ಯಾಕ್ಸ್-ಫ್ರೀ ಅಂತ ಹೇಳಿರಬೇಕು. ವಿಮಾನ ನಿಲ್ದಾಣದಲ್ಲಿ ಸಾಮಾನು ಚೆಕ್-ಇನ್ ಮಾಡುವ ಮುಂಚೆ ವ್ಯಾಟ್ ಕೌಂಟರ್‌ಗೆ ಹೋಗಿ, ವಸ್ತು ತೋರಿಸಿ ಅಂದರೆ ಕೈಯಲ್ಲಿರಬೇಕು. ಕಟ್ಟಿದ ವ್ಯಾಟ್‌ನಲ್ಲಿ ಶೇ. 87 ಬರುತ್ತದೆ, ಪ್ರತಿ ಬಿಲ್ಲಿಗೆ 4.80 ದಿರ್ಹಮ್ ಕಳೆದು. ಮೆಟ್ರೋ ಟರ್ಮಿನಲ್ 1 ಮತ್ತು 3ಕ್ಕೆ ಮಾತ್ರ ಇದೆ, 2ಕ್ಕೆ ಇಲ್ಲ. ನಡುರಾತ್ರಿಯ ನಂತರ ನಿಲ್ಲುತ್ತದೆ, ಭಾನುವಾರ ಬೆಳಗ್ಗೆ ಎಂಟರವರೆಗೆ ಶುರುವಾಗುವುದಿಲ್ಲ. ನಿಮ್ಮ ವಿಮಾನ ಬೆಳಗಿನ ಜಾವದ್ದಾದರೆ ಹಿಂದಿನ ಸಂಜೆಯೇ ಆ್ಯಪ್‌ನಲ್ಲಿ ವ್ಯಾನ್ ಟ್ಯಾಕ್ಸಿ ಬುಕ್ ಮಾಡಿಟ್ಟುಕೊಳ್ಳಿ, ಅಪ್ಪ-ಅಮ್ಮನಿಗೆ ವೀಲ್‌ಚೇರ್ ಬೇಕಾದರೆ ವಿಮಾನ ಕಂಪನಿಗೆ ಎರಡು ದಿನ ಮುಂಚೆ ಹೇಳಿಡಿ.