ಕಡಲ ಪ್ಲಾಸ್ಟಿಕ್ ಮತ್ತು ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ: ಮೀನು ತಿನ್ನಬಹುದೇ?

ಪ್ರಶ್ನೆ: ಸಮುದ್ರದ ಪ್ಲಾಸ್ಟಿಕ್ ಮೇಲೆ ಆಂಟಿಬಯೋಟಿಕ್‌ಗೆ ಜಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತವಂತೆ. ಪ್ಲಾಸ್ಟಿಕ್ಕಿಗೂ ಔಷಧಕ್ಕೂ ಏನು ಸಂಬಂಧ? ನಮ್ಮದು ಮೀನಿಲ್ಲದೆ ಊಟ ಸೇರದ ಮನೆ. ಹೆದರಬೇಕೇ? (ಓದುಗರು, ಮಲ್ಪೆ)

ಉತ್ತರ: ಈ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಬರುವುದು ಊರಿನ ಕೊಳಚೆ, ಆಸ್ಪತ್ರೆಯ ಚರಂಡಿ, ಕೋಳಿ ಮತ್ತು ಸಿಗಡಿ ಸಾಕಣೆಯಿಂದ. ಪ್ಲಾಸ್ಟಿಕ್ ಅವುಗಳಿಗೆ ಮನೆಯೂ ಆಗುತ್ತದೆ, ಗಾಡಿಯೂ ಆಗುತ್ತದೆ.

ನೀರಿಗೆ ಬಿದ್ದ ಪ್ಲಾಸ್ಟಿಕ್ ಚೂರಿನ ಮೇಲೆ ಮೊದಲು ಪ್ರೋಟೀನು, ಸಕ್ಕರೆಯಂಥ ಸಾವಯವ ವಸ್ತುಗಳ ತೆಳು ಪೊರೆ ಕೂರುತ್ತದೆ. ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಾಗಳು ಅದಕ್ಕೆ ಅಂಟಿಕೊಂಡು, ಲೋಳೆ ಸುರಿಸಿ, ಬಯೋಫಿಲ್ಮ್ ಎಂಬ ಲೋಳೆ ಪದರ ಕಟ್ಟುತ್ತವೆ. 2013ರಲ್ಲಿ ಅಮೆರಿಕದ ಸಂಶೋಧಕರು ಉತ್ತರ ಅಟ್ಲಾಂಟಿಕ್‌ನಲ್ಲಿ ಸಿಕ್ಕ ಚೂರುಗಳ ಮೇಲೆ ಸುತ್ತಲಿನ ನೀರಿಗಿಂತ ಬೇರೆಯೇ ಆದ ಜೀವಿಗಳ ಗುಂಪನ್ನು ಕಂಡು ಅದನ್ನು 'ಪ್ಲಾಸ್ಟಿಸ್ಫಿಯರ್' ಎಂದು ಕರೆದರು. ಒಂದು ಚೂರಿನಲ್ಲಂತೂ ಸುಮಾರು ಕಾಲು ಭಾಗ ವಿಬ್ರಿಯೋ ಕುಲದ್ದೇ. ಕಾಲರಾ ತರುವುದು ಇದೇ ಕುಲದ ಒಂದು ಜಾತಿ, ಆದರೆ ಈ ಕುಲದವೆಲ್ಲ ರೋಗಕಾರಕಗಳಲ್ಲ.

ತೊಂದರೆ ಇರುವುದು ಈ ಲೋಳೆಯ ಒಳಗಿನ ದಟ್ಟಣೆಯಲ್ಲಿ. ಔಷಧ ನಿರೋಧದ ಜೀನ್‌ಗಳು ಹಲವು ಬಾರಿ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿರುತ್ತವೆ. ಎರಡು ಬ್ಯಾಕ್ಟೀರಿಯಾ ಮೈಗೆ ಮೈ ತಾಗಿದರೆ ಅದರ ನಕಲು ಒಂದರಿಂದ ಇನ್ನೊಂದಕ್ಕೆ ದಾಟಬಹುದು, ಬೇರೆ ಜಾತಿಯಾದರೂ ಸರಿ. ತೆರೆದ ನೀರಿನಲ್ಲಿ ಅಪರೂಪವಾದ ಈ ಭೇಟಿ ಲೋಳೆಯಲ್ಲಿ ಸುಲಭ. ಜೊತೆಗೆ ಪ್ಲಾಸ್ಟಿಕ್ ನೀರಿನಲ್ಲಿರುವ ಔಷಧದ ಅಂಶ ಮತ್ತು ಲೋಹಗಳನ್ನು ಮೇಲ್ಮೈಗೆ ಹಿಡಿದುಕೊಳ್ಳುತ್ತದೆ. ಬಂದರಿನಲ್ಲಿ ದೋಣಿಯ ತಳಕ್ಕೆ ಬಳಿಯುವ ಪೇಂಟಿನಿಂದ ನೀರಿಗೆ ಸೇರುವ ತಾಮ್ರ ಇದಕ್ಕೆ ಒಳ್ಳೆಯ ಉದಾಹರಣೆ. ತಾಮ್ರ ತಡೆಯುವ ಜೀನು ಮತ್ತು ಔಷಧ ತಡೆಯುವ ಜೀನು ಒಂದೇ ಪ್ಲಾಸ್ಮಿಡ್‌ನಲ್ಲಿದ್ದರೆ, ಔಷಧವೇ ಇಲ್ಲದ, ಬರೀ ತಾಮ್ರವಿರುವ ಕಡೆಯೂ ಎರಡೂ ಉಳಿದುಕೊಳ್ಳುತ್ತವೆ.

ಇಲ್ಲೊಂದು ಎಚ್ಚರಿಕೆ ಬೇಕು. ಎಷ್ಟೋ ಅಧ್ಯಯನಗಳು ಪ್ಲಾಸ್ಟಿಕ್ಕನ್ನು ಬರೀ ನೀರಿನ ಜೊತೆ ಹೋಲಿಸಿವೆ. ಮರದ ಚೂರು, ಮರಳಿನ ಕಣದ ಮೇಲೂ ಲೋಳೆ ಕಟ್ಟುತ್ತದೆ. ಅವುಗಳ ಜೊತೆ ಹೋಲಿಸಿದಾಗ ವ್ಯತ್ಯಾಸ ಹಲವು ಸಲ ಕಡಿಮೆ. ಪತ್ರಿಕೆಗಳ ದೊಡ್ಡಕ್ಷರದ ತಲೆಬರಹಗಳು ಇದನ್ನು ಹೇಳುವುದಿಲ್ಲ. ಪ್ಲಾಸ್ಟಿಕ್ ಬೇರೆಯಾಗುವುದು ಆಯಸ್ಸಿನಲ್ಲಿ. ಮರ ಕೊಳೆಯುತ್ತದೆ, ಮರಳು ಮುಳುಗುತ್ತದೆ, ಪಾಲಿಥಿನ್ ವರ್ಷಗಟ್ಟಲೆ ತೇಲುತ್ತದೆ. 2025ರ ಮೇ ತಿಂಗಳಲ್ಲಿ ಕೊಚ್ಚಿ ಸಮೀಪದ ಕಡಲಲ್ಲಿ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿತು. ಅದರಲ್ಲಿದ್ದ ಪ್ಲಾಸ್ಟಿಕ್ ಗುಳಿಗೆಗಳು (ಪ್ಲಾಸ್ಟಿಕ್ ವಸ್ತು ತಯಾರಿಸಲು ಬಳಸುವ ಪುಟ್ಟ ಕಾಳುಗಳು) ದೂರದ ತಿರುವನಂತಪುರದ ದಂಡೆಗಳಲ್ಲಿ ರಾಶಿ ಬಿದ್ದವು.

ಇನ್ನು ಮೀನಿನ ವಿಷಯ. ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಬೆಂಕಿಗೂ ಜಗ್ಗುವುದಿಲ್ಲ ಎಂದುಕೊಳ್ಳಬೇಡಿ, ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ. ಬಂಗುಡೆ, ಬೂತಾಯಿಯ ಕರುಳು ಮತ್ತು ಕಿವಿರು ತೆಗೆದು ತೊಳೆಯಿರಿ. ಹಸಿ ಮೀನು ಕೊಯ್ದ ಚಾಕು, ಮಣೆಯಲ್ಲಿ ತೊಳೆಯದೆ ಈರುಳ್ಳಿ, ಸೌತೆ ಹೆಚ್ಚಬೇಡಿ. ಅಡುಗೆಮನೆಯಲ್ಲಿ ಹೆಚ್ಚಾಗಿ ತಪ್ಪುವುದು ಇಲ್ಲೇ. ಮರುವಾಯಿ, ಪಚ್ಚಿಲೆ ನೀರನ್ನು ಸೋಸಿ ತಿನ್ನುವ ಚಿಪ್ಪುಜೀವಿಗಳು. ಹಾಗಾಗಿ ಕೊಳಚೆ ಬೀಳುವ ಅಳಿವೆಬಾಯಿಯಲ್ಲಿ ಹೆಕ್ಕಿದ್ದು ಬೇಡ. ಬೇಯಿಸುವಾಗ ಚಿಪ್ಪು ಬಾಯಿಬಿಟ್ಟ ಮೇಲೂ 3ರಿಂದ 5 ನಿಮಿಷ ಕುದಿಸಿ. ಬಾಯಿಬಿಡದ್ದನ್ನು ಎಸೆಯಿರಿ.

ಪ್ರಶ್ನೆ: ನಾವಿರುವುದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ. ಕಡಲಿನ ಈ ಸಮಸ್ಯೆಯಲ್ಲಿ ನಮ್ಮ ಪಾತ್ರ ಏನಾದರೂ ಇದೆಯೇ?

ಉತ್ತರ: ಇದೆ. ಬೆಂಗಳೂರಿನ ವೃಷಭಾವತಿ ನದಿಯ ನೀರು ಅರ್ಕಾವತಿ, ಕಾವೇರಿ ಮೂಲಕ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ನಿಮ್ಮ ಎಸ್‌ಟಿಪಿ (ಕೊಳಚೆ ನೀರು ಶುದ್ಧಮಾಡುವ ಘಟಕ) ಎಂಬಿಬಿಆರ್ ಎಂಬ ಮಾದರಿಯದಾದರೆ ಅದರ ಟ್ಯಾಂಕಿನಲ್ಲಿ ಚಕ್ರದಂಥ ಸಾವಿರಾರು ಪ್ಲಾಸ್ಟಿಕ್ ಬಿಲ್ಲೆಗಳಿರುತ್ತವೆ. ಆಪರೇಟರ್‌ಗಳು ಇದನ್ನು ಮೀಡಿಯಾ ಎನ್ನುತ್ತಾರೆ. ಪ್ಲಾಸ್ಟಿಕ್ ಮೇಲೆ ಕೊಳೆ ತಿನ್ನುವ ಬ್ಯಾಕ್ಟೀರಿಯಾ ಸೊಗಸಾಗಿ ಬೆಳೆಯುತ್ತವೆ ಎಂಬ ಕಾರಣಕ್ಕೇ ಎಂಜಿನಿಯರುಗಳು ಅವನ್ನು ಹಾಕಿರುವುದು. ಹೊರಹರಿವಿನ ಜಾಲರಿ ಹರಿದರೆ, ಅಥವಾ ಅದು ಕಟ್ಟಿಕೊಂಡು ಟ್ಯಾಂಕ್ ಉಕ್ಕಿದರೆ, ಕೊಳಚೆಯ ಲೋಳೆ ಮೆತ್ತಿದ ಬಿಲ್ಲೆಗಳು ನೇರ ರಾಜಕಾಲುವೆಗೆ. ಜಾಲರಿಯ ಕಣ್ಣು ಬಿಲ್ಲೆಗಿಂತ ಚಿಕ್ಕದಿರಲಿ, ತಿಂಗಳಿಗೊಮ್ಮೆ ನೋಡಿಸಿ. ಟ್ಯಾಂಕ್ ತೊಳೆಯುವಾಗ ಮೀಡಿಯಾವನ್ನು ಮಳೆ ಬೀಳುವ ಜಾಗದಲ್ಲಿ ಸುರಿಯಬಾರದು.

ಎಸ್‌ಟಿಪಿಯಲ್ಲಿ ಕ್ಲೋರಿನ್ ಹಾಕುವ ಮುನ್ನ ನೀರು ಸ್ಯಾಂಡ್ ಫಿಲ್ಟರ್ ದಾಟಿರಬೇಕು. ಕಲಕು ನೀರಿಗೆ ಹಾಕಿದ ಕ್ಲೋರಿನ್ ಕೊಳೆಯ ಮೇಲೆಯೇ ಖರ್ಚಾಗುತ್ತದೆ, ಕಣದೊಳಗೆ ಅಡಗಿದ ಬ್ಯಾಕ್ಟೀರಿಯಾ ಬದುಕುತ್ತವೆ. ಹಾಕಿದ ಮೇಲೆ ಅರ್ಧ ಗಂಟೆಯಾದರೂ ನೀರು ನಿಲ್ಲಬೇಕು. ಉಳಿದ ಮಾತ್ರೆ, ಸಿರಪ್ಪನ್ನು ಕಮೋಡಿಗೆ ಹಾಕುವುದನ್ನೂ ನಿಲ್ಲಿಸಿ.

ಪ್ರಶ್ನೆ: ಮಕ್ಕಳನ್ನು ಕಡಲತೀರ ಸ್ವಚ್ಛಗೊಳಿಸಲು ಕರೆದೊಯ್ಯುತ್ತೇವೆ. ಏನು ಎಚ್ಚರ ಬೇಕು? (ಶಿಕ್ಷಕಿ, ಕುಮಟಾ)

ಉತ್ತರ: ದಪ್ಪ ರಬ್ಬರ್ ಕೈಗವಸು ಮತ್ತು ಮುಚ್ಚಿದ ಶೂ ಬೇಕು. ತೆಳು ಪಾಲಿಥಿನ್ ಗ್ಲೌಸ್ ಮೀನಿನ ಮುಳ್ಳು, ಗಾಜಿಗೆ ತಡೆಯದು. ಸಿರಿಂಜ್ ಕಂಡರೆ ಮಕ್ಕಳು ಮುಟ್ಟಬಾರದು, ದೊಡ್ಡವರು ಇಕ್ಕಳದಿಂದ ಎತ್ತಿ ಗಟ್ಟಿ ಡಬ್ಬಕ್ಕೆ ಹಾಕಲಿ. ಪ್ಲಾಸ್ಟಿಕ್ ಗುಳಿಗೆಗಳನ್ನು ಒಂದೊಂದಾಗಿ ಹೆಕ್ಕುವುದು ವ್ಯರ್ಥ ಶ್ರಮ. ಮೇಲಿನ ಮರಳನ್ನು ಬಕೆಟ್ ನೀರಿಗೆ ಸುರಿದು ಕದಡಿದರೆ ಪಾಲಿಥಿನ್, ಪಾಲಿಪ್ರೊಪಿಲೀನ್ ತೇಲುತ್ತವೆ, ಜರಡಿಯಲ್ಲಿ ಎತ್ತಿಬಿಡಿ. ಪಿವಿಸಿ ಚೂರು ಮರಳಿನೊಂದಿಗೇ ಮುಳುಗುತ್ತದೆ.

ಗಾಯವಾದರೆ ತಕ್ಷಣ ಶುದ್ಧ ಹರಿಯುವ ನೀರು, ಸಾಬೂನಿನಲ್ಲಿ ತೊಳೆದು ಮುಚ್ಚಿ. ಟೆಟನಸ್ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ. ಲಿವರ್ ಕಾಯಿಲೆ, ಮಧುಮೇಹ ಇರುವವರು ಗಾಯವಿದ್ದಾಗ ಉಪ್ಪುನೀರಿಗೆ ಇಳಿಯಲೇಬಾರದು. ಕೆಂಪು ಹರಡಿದರೆ, ಗುಳ್ಳೆ ಎದ್ದರೆ, ಜ್ವರ ಬಂದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ, ಸಮುದ್ರದ ನೀರು ತಾಗಿದ ಗಾಯ ಎಂದು ಹೇಳಿ. ಕೀವನ್ನು ಕಲ್ಚರ್ ಪರೀಕ್ಷೆಗೆ (ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಕಳಿಸಿದರೆ ಯಾವ ಔಷಧ ನಾಟುತ್ತದೆ ಎಂಬುದು ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ತಿಳಿಯುತ್ತದೆ. ಮನೆಯಲ್ಲಿ ಉಳಿದ ಹಳೆಯ ಆಂಟಿಬಯೋಟಿಕ್ ನುಂಗಿ ಹೋದರೆ ಆ ಪರೀಕ್ಷೆಯಲ್ಲಿ ಏನೂ ಬೆಳೆಯದೇ ಹೋಗಬಹುದು.