ಅಟ್ಟದ ತುಂಬ ಪಾತ್ರೆ, ಬೀರು ತುಂಬ ರವಿಕೆ ಕಣ: ಮನೆ ಹಗುರ ಮಾಡುವುದು ಹೇಗೆ?

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಮನೆ. ಐದು ಜನ ಇದ್ದೇವೆ. ಅತ್ತೆಯವರು ಊರಿನ ಮನೆ ಮಾರಿ ನಮ್ಮ ಜೊತೆ ಬಂದಾಗ ಅಲ್ಲಿನ ಪಾತ್ರೆಪಡಗವೆಲ್ಲ ಇಲ್ಲಿಗೇ ಬಂತು. ಅಟ್ಟ ತುಂಬಿತು, ಈಗ ಮಂಚದ ಕೆಳಗೂ ಜಾಗ ಇಲ್ಲ. ಬೀರುವಿನಲ್ಲಿ ಅರ್ಧ ಬರೀ ರವಿಕೆ ಕಣ ಮತ್ತು ಹಳೇ ಸೀರೆ. ಸ್ವಲ್ಪ ಕೊಟ್ಟುಬಿಡೋಣ ಅಂದರೆ ಅತ್ತೆಯವರಿಗೆ ಬೇಜಾರು. 'ನಾನು ಹೋದಮೇಲೆ ಏನು ಬೇಕಾದ್ರೂ ಮಾಡ್ಕೊಳ್ಳಿ' ಅಂತಾರೆ. ಜಗಳ ಆಗದ ಹಾಗೆ ಮನೆ ಹಗುರ ಮಾಡುವುದು ಹೇಗೆ?

ಉತ್ತರ: ಅತ್ತೆಯವರ ಸಾಮಾನಿಗೆ ಸದ್ಯಕ್ಕೆ ಕೈ ಹಾಕಬೇಡಿ. ಮೊದಲು ನಿಮ್ಮದು, ನಿಮ್ಮ ಯಜಮಾನರದು, ಮಕ್ಕಳದು. ಅಳತೆಗೆ ಬಾರದ ಬಟ್ಟೆ, ಕೆಟ್ಟು ಕೂತ ಮಿಕ್ಸಿ, ಆನ್‌ಲೈನ್ ಡಬ್ಬಗಳು, ಕವರ್ ಒಳಗೆ ಕವರ್ ತುರುಕಿಟ್ಟ ಕವರ್‌ಗಳು. ಎಷ್ಟೋ ಮನೆಗಳಲ್ಲಿ ದೂರು ಹಿರಿಯರ ಮೇಲೆ ಇರುತ್ತದೆ, ಜಾಗ ತಿಂದಿರುವುದು ಕಿರಿಯರ ಸಾಮಾನು. ನಿಮ್ಮದು ಖಾಲಿಯಾಗುವುದನ್ನು ಅವರು ಕಣ್ಣಾರೆ ನೋಡಲಿ. ಆಮೇಲೆ ಮಾತು ತೆಗೆಯುವುದು ಸುಲಭ.

ಈಗ ಪಾತ್ರೆಗೆ ಬರೋಣ. ಅಟ್ಟದಿಂದ ಒಂದನ್ನು ಇಳಿಸಿ ಅಂಚು ನೋಡಿ. ಚುಕ್ಕೆ ಚುಕ್ಕೆಯಾಗಿ ಒಂದು ಹೆಸರು ಕೊರೆದಿರುತ್ತದೆ. ಕೆಲವದರಲ್ಲಿ ತಾರೀಖೂ ಇರುತ್ತದೆ. ಅದು ಮದುವೆಗೆ ತವರಿನವರು ಕೊಟ್ಟ ಕೊಳಗ, ಸೀಮಂತಕ್ಕೆ ಅಕ್ಕ ಕೊಟ್ಟ ಡಬ್ಬಿ. ನೀವು 'ಗುಜರಿಗೆ ಹಾಕೋಣ' ಅಂದಾಗ ಅವರ ಕಣ್ಣಿಗೆ ಬರುವುದು ತಾಯಿಯ ಹೆಸರು ತಕ್ಕಡಿ ಮೇಲೆ ಕೂತ ಹಾಗೆ. ಬೇಜಾರಾಗದೆ ಇರುತ್ತದಾ?

ಅದಕ್ಕೆ 'ಇದು ಬೇಕಾ?' ಅಂತ ಕೇಳಲೇಬೇಡಿ. 'ಇದನ್ನು ಯಾರಿಗೆ ಕೊಡೋಣ ಅತ್ತೆ?' ಅಂತ ಕೇಳಿ. ಮೊದಲ ಪ್ರಶ್ನೆಗೆ ಉತ್ತರ ಯಾವಾಗಲೂ 'ಇರಲಿ ಬಿಡು'. ಎರಡನೆಯದಕ್ಕೆ ಅವರು ಯೋಚನೆ ಮಾಡುತ್ತಾರೆ. ಮೊಮ್ಮಗಳಿಗೆ ಒಂದು, ಹೊಸದಾಗಿ ಸಂಸಾರ ಹೂಡಿದ ತಮ್ಮನ ಮಗನಿಗೆ ಒಂದು, ಮನೆ ಕೆಲಸಕ್ಕೆ ಬರುವವರ ಮಗಳ ಮದುವೆಗೆ ನಾಲ್ಕು. ಕೊಡುವುದು ಅವರ ಕೈಯಿಂದಲೇ ಆಗಲಿ, ಅರಿಶಿನ ಕುಂಕುಮ ಇಟ್ಟು. 'ನಾನು ಹೋದಮೇಲೆ' ಅನ್ನುವ ಮಾತಿಗೆ ನೀವು ಕೊಡಬಹುದಾದ ಒಳ್ಳೆಯ ಉತ್ತರ ಇದೇ: ನೀವಿರುವಾಗಲೇ, ನಿಮಗೆ ಇಷ್ಟವಾದವರಿಗೆ, ನೀವೇ ಕೊಡಿ.

ಒಂದು ಸಲಕ್ಕೆ ನಾಲ್ಕೈದು ಪಾತ್ರೆ ಸಾಕು. ಇಡೀ ಅಟ್ಟ ಒಂದೇ ದಿನ ಇಳಿಸಿದರೆ ಸಂಜೆ ಹೊತ್ತಿಗೆ ಎಲ್ಲರಿಗೂ ಸುಸ್ತು, ಸಿಟ್ಟು, ಕೊನೆಗೆ ಎಲ್ಲವೂ ವಾಪಸ್ ಅಟ್ಟಕ್ಕೇ. ಹಿತ್ತಾಳೆ, ತಾಮ್ರದಲ್ಲಿ ಅವರು ಆರಿಸಿದ ಒಂದೆರಡನ್ನು ಕಣ್ಣಿಗೆ ಕಾಣುವ ಕಡೆ ಇಡಿ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿದರೆ ಅದರಲ್ಲಿ ಸಾರು ಮಾಡಬಹುದು. ಕಲಾಯಿ ಇಲ್ಲದೆ ಹುಳಿ ಪದಾರ್ಥ ಬೇಡ.

'ಮನೇಲಿ ಕಾರ್ಯ ಆದ್ರೆ ಬೇಕಾಗುತ್ತೆ' ಅನ್ನುವ ಮಾತು ಬಂದೇ ಬರುತ್ತದೆ. ಆ ಕಾಳಜಿ ಸುಳ್ಳಲ್ಲ, ಊರಿನ ಮನೆಯಲ್ಲಿ ಅದು ನಿಜವೇ ಆಗಿತ್ತು. ಆದರೆ ಈಗ ಐವತ್ತು ಜನಕ್ಕೆ ಊಟ ಹಾಕುವುದು ಛತ್ರದಲ್ಲಿ. ಮನೆಯಲ್ಲೇ ಮಾಡಿದರೂ ಶಾಮಿಯಾನದವರು ಪಾತ್ರೆ ಬಾಡಿಗೆಗೆ ಕೊಡುತ್ತಾರೆ. ಬೆಂಗಳೂರಿನಲ್ಲಿ ಅದಮ್ಯ ಚೇತನ ಎಂಬ ಸಂಸ್ಥೆಯವರ ತಟ್ಟೆ ಬ್ಯಾಂಕ್ ಇದೆ. ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟ ಒಯ್ದು, ಮುಗಿದ ಮೇಲೆ ವಾಪಸ್ ಕೊಡಬಹುದು. ಇದನ್ನು ಅತ್ತೆಯವರಿಗೆ ಹೇಳಿ. ನಾಳೆ ಬೇಕಾದಾಗ ಸಿಗುತ್ತದೆ ಅನ್ನುವ ಧೈರ್ಯ ಬಂದರೆ ಕೈ ಸಡಿಲವಾಗುತ್ತದೆ.

ಸೀರೆಯಲ್ಲಿ ಸ್ವಲ್ಪ ಹುಷಾರು. ಹರಿದ ರೇಷ್ಮೆ ಸೀರೆಯನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ಅದಲು ಬದಲು ಮಾಡಬೇಡಿ. ಹಳೆಯ ಅಸಲಿ ಜರಿಯಲ್ಲಿ ಬೆಳ್ಳಿ ಇರುತ್ತದೆ. ಮೈಸೂರು ರೇಷ್ಮೆಯ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಎಂದು ಅದನ್ನು ತಯಾರಿಸುವ ಸರ್ಕಾರಿ ಸಂಸ್ಥೆ ಕೆಎಸ್‌ಐಸಿಯೇ ಹೇಳುತ್ತದೆ. ಹಳೇ ಜರಿ ಕೊಳ್ಳುವವರಿದ್ದಾರೆ, ಎರಡು ಕಡೆ ವಿಚಾರಿಸಿ ಕೊಡಿ. ಮೆತ್ತಗಾದ ನೂಲಿನ ಸೀರೆಗಳಿಗೆ ಕೌದಿಗಿಂತ ಒಳ್ಳೆಯ ದಾರಿ ಇಲ್ಲ. ಧಾರವಾಡ, ಬೆಳಗಾವಿ ಕಡೆಯ ಹೆಂಗಸರು ಪದರ ಪದರವಾಗಿ ಜೋಡಿಸಿ ಕೈಯಲ್ಲೇ ಹೊಲಿಯುತ್ತಾರೆ. ನೀವು ಬಟ್ಟೆ ಕೊಟ್ಟರೆ ಹೊಲಿದುಕೊಡುವವರೂ ಉಂಟು. ಅತ್ತೆಯವರ ಐದಾರು ಸೀರೆ ಸೇರಿ ಮೊಮ್ಮಕ್ಕಳ ಹೊದಿಕೆ ಆಗುತ್ತದೆ ಅಂದರೆ ಅವರು ಬೇಡ ಅನ್ನಲಾರರು.

ಇನ್ನು ರವಿಕೆ ಕಣ. ಈ ಪ್ರಶ್ನೆ ನನಗೆ ತುಂಬ ಬರುತ್ತದೆ, ಆದ್ದರಿಂದ ಬಿಚ್ಚಿ ಹೇಳುತ್ತೇನೆ. ಹೊಲಿಸಿಕೊಳ್ಳಲಾಗದ ತೆಳು ಪಾಲಿಯೆಸ್ಟರ್ ಕಣ ಮನೆಯಿಂದ ಮನೆಗೆ ಸುತ್ತುತ್ತಿದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಒಂದು ಕಂತೆ ಬರುತ್ತದೆ, ನವರಾತ್ರಿ ಗೊಂಬೆ ಆರತಿಗೆ ಇನ್ನೊಂದು. ಬೀರುವನ್ನು ಎಷ್ಟು ಸಲ ಖಾಲಿ ಮಾಡಿದರೂ ಬಾಗಿಲಲ್ಲಿ ತಡೆಯದಿದ್ದರೆ ಮತ್ತೆ ತುಂಬುತ್ತದೆ. ತಾಂಬೂಲಕ್ಕೆ ವೀಳ್ಯದೆಲೆ, ಅಡಿಕೆ, ಹಣ್ಣು, ತೆಂಗಿನಕಾಯಿ, ಅರಿಶಿನ ಕುಂಕುಮ ಇದ್ದರೆ ಅದು ಪೂರ್ತಿ ತಾಂಬೂಲವೇ. ಈ ವರ್ಷ ನೀವೇ ಶುರು ಮಾಡಿ. ಕಣ ಕೊಡಲೇಬೇಕು ಅನಿಸಿದರೆ ಕಡಿಮೆ ಜನಕ್ಕೆ, ಹೊಲಿಸಿಕೊಳ್ಳುವಂಥ ಹತ್ತಿ ಬಟ್ಟೆ ಕೊಡಿ. ಈಗ ಇರುವುದರಲ್ಲಿ ಗಟ್ಟಿಯಾದವನ್ನು ಹೊಲಿಗೆ ಕಲಿಯುವ ಹೆಣ್ಣುಮಕ್ಕಳಿಗೆ ಕೊಟ್ಟರೆ ಕತ್ತರಿಸಿ ಅಭ್ಯಾಸ ಮಾಡಲು ಆಗುತ್ತದೆ.

ಪ್ರಶ್ನೆ: ಹಳೇ ಕಾಗದಪತ್ರ ಒಂದು ಟ್ರಂಕ್ ತುಂಬ ಇದೆ. ಯಾವುದನ್ನು ರದ್ದಿಗೆ ಹಾಕಬಹುದು? ಭಯ ಆಗುತ್ತದೆ.

ಉತ್ತರ: ಭಯ ಇರುವುದು ಒಳ್ಳೆಯದೇ. ಆಸ್ತಿಗೆ ಸಂಬಂಧಪಟ್ಟ ಒಂದು ಚೂರನ್ನೂ ಬಿಸಾಡಬೇಡಿ. ಕ್ರಯಪತ್ರ, ಅದರ ಹಿಂದಿನ ಹಳೇ ಕ್ರಯಪತ್ರಗಳು, ಖಾತೆ, ಇಸಿ (ಋಣಭಾರ ಪ್ರಮಾಣಪತ್ರ), ಕಂದಾಯದ ರಸೀದಿ, ವಿಲ್ಲು, ಎಲ್ಲ ಇರಲಿ. ಜನನ, ಮರಣ, ಮದುವೆ ಪ್ರಮಾಣಪತ್ರ, ಅಂಕಪಟ್ಟಿ, ಪಿಂಚಣಿ ಕಾಗದ ಕೂಡ. ಆದಾಯ ತೆರಿಗೆ ಕಾಗದಗಳನ್ನು 8 ವರ್ಷ ಇಟ್ಟುಕೊಳ್ಳಿ ಅಂತ ನಾನು ಹೇಳುತ್ತೇನೆ. ಹಳೇ ಕರೆಂಟ್ ಬಿಲ್, ಫೋನ್ ಬಿಲ್, ವಾರಂಟಿ ಮುಗಿದ ಕಾರ್ಡು, ಮಾರಿಹೋದ ಫ್ರಿಜ್ಜಿನ ಪುಸ್ತಕ ಧಾರಾಳವಾಗಿ ಹೋಗಲಿ.

ದಾಖಲೆಗಳನ್ನು ಆನ್‌ಲೈನ್‌ನಲ್ಲಿ ಇಡುವ ಸರ್ಕಾರದ ಡಿಜಿಲಾಕರ್ ಬಗ್ಗೆ ಒಂದು ಮಾತು. ಇಲಾಖೆಯವರೇ ಅದರಲ್ಲಿ ಕೊಟ್ಟ ದಾಖಲೆಗೆ 2017ರಿಂದ ಮೂಲ ಪ್ರತಿಯಷ್ಟೇ ಬೆಲೆ ಇದೆ. ನೀವೇ ಸ್ಕ್ಯಾನ್ ಮಾಡಿ ಸೇರಿಸಿದ್ದಕ್ಕೆ ಆ ಬೆಲೆ ಇಲ್ಲ. ಸ್ಕ್ಯಾನ್ ಆಯಿತಲ್ಲ ಅಂತ ಮೂಲ ಪ್ರತಿ ಹರಿಯಬೇಡಿ. ರದ್ದಿಗೆ ಹಾಕುವ ಮುಂಚೆ ಬ್ಯಾಂಕ್ ಖಾತೆ ನಂಬರ್, ಆಧಾರ್ ಜೆರಾಕ್ಸ್ ಇರುವ ಹಾಳೆಗಳನ್ನು ಸಣ್ಣಗೆ ಹರಿದು ಹಾಕಿ.

ಪ್ರಶ್ನೆ: ಹಳೇ ಮಾತ್ರೆ, ಹಾಳಾದ ಮೊಬೈಲ್ ಡ್ರಾಯರ್‌ನಲ್ಲಿ ಬಿದ್ದಿವೆ. ಎಲ್ಲಿ ಹಾಕಬೇಕು?

ಉತ್ತರ: ಅವಧಿ ಮುಗಿದ ಮಾತ್ರೆ, ಟ್ಯೂಬ್‌ಲೈಟ್, ಬಳಸಿದ ಬ್ಯಾಟರಿಗಳನ್ನು 2016ರ ಘನತ್ಯಾಜ್ಯ ನಿಯಮಗಳೇ ಮನೆಯ ಅಪಾಯಕಾರಿ ಕಸ ಎಂದು ಬೇರೆ ಇಟ್ಟಿದ್ದವು. ಹಸಿ ಕಸಕ್ಕೂ ಒಣ ಕಸಕ್ಕೂ ಸೇರಿಸಬೇಡಿ. ಬೇರೆ ಕಟ್ಟಿ, ಏನಿದೆ ಅಂತ ಹೇಳಿ ಕಸದ ಗಾಡಿಯವರ ಕೈಗೆ ಕೊಡಿ. ಕಸ ಬೇರ್ಪಡಿಸುವುದು ಅವರ ಬರಿಗೈ ಅನ್ನುವುದು ನೆನಪಿರಲಿ. ಮಾತ್ರೆಯನ್ನು ಟಾಯ್ಲೆಟ್ಟಿಗೆ ಸುರಿಯಬೇಡಿ.

ಮೊಬೈಲಿನಲ್ಲಿ ಸಿಮ್, ಮೆಮೊರಿ ಕಾರ್ಡ್ ತೆಗೆಯಿರಿ. ಆನ್ ಆಗುವಂತಿದ್ದರೆ ಫೋಟೊ ಇಳಿಸಿಕೊಂಡು ಎಲ್ಲ ಅಳಿಸಿ. ಗುಜರಿಗೆ ಹಾಕಿದರೆ ತಾಮ್ರದ ಆಸೆಗೆ ವೈರ್ ಸುಡುತ್ತಾರೆ, ಆ ಹೊಗೆ ವಿಷ. ಅಧಿಕೃತ ಇ-ತ್ಯಾಜ್ಯ ಘಟಕಗಳ ಪಟ್ಟಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ವೆಬ್‌ಸೈಟಿನಲ್ಲಿದೆ. ಬ್ಯಾಟರಿ ಉಬ್ಬಿದ ಫೋನ್ ಇದ್ದರೆ ಇವತ್ತೇ ಬಟ್ಟೆ, ಕಾಗದಗಳಿಂದ ದೂರ ಇಡಿ. ಚಾರ್ಜಿಗೆ ಹಾಕಿ ನೋಡುವುದು, ಚುಚ್ಚುವುದು ಬೇಡವೇ ಬೇಡ.